ನಲವತ್ತೇಳನೆಯ ಪುಟದ ಬೆನ್ನು

ಪುಟಕ್ಕೆ ಒಂದು ರೂಪಾಯಿ ಇಪ್ಪತ್ತು ಪೈಸೆ.
ಧೂಳು ಒರೆಸಿದ್ದಕ್ಕೆ ಬೇರೆ ಲೆಕ್ಕವಿಲ್ಲ.
ಸರಸ್ವತಿಪುರದ ಒಂದು ಹಿಂಬದಿ ಕೋಣೆ,
ಎರಡು ದೀಪ, ಒಂದು ಕ್ಯಾಮೆರಾ,
ಪುಸ್ತಕ ಮಲಗಿಸುವ ಮರದ ತೊಟ್ಟಿಲು.
ಇವತ್ತು ಅದರಲ್ಲಿ ಅಂಗಾತ ಬಿದ್ದಿರುವುದು
ಈರನಗೆರೆಯ ಪುಟ್ಟಮಾದಯ್ಯ ಮತ್ತು ಮಕ್ಕಳ
ಸಸಿ ಬೀಜ ಗೆಡ್ಡೆಗಳ ಬೆಲೆಪಟ್ಟಿ,
ಸಾವಿರದ ಒಂಬೈನೂರ ಮೂವತ್ತೆಂಟು.

ಇಂಥವು ನಲವತ್ತು ತಂದುಕೊಟ್ಟವರು
ಇಟ್ಟಿಗೆಗೂಡಿನ ರದ್ದಿ ಅಂಗಡಿಯ ನಯಾಜ್.
"ಹರಿಯೋಕೆ ಮನಸ್ಸು ಬರಲಿಲ್ಲ ಮೇಡಂ,
ಹೂವಿನ ಚಿತ್ರ ಇದೆ" ಅಂದರು.
ಆದರೂ ತೂಗಿಯೇ ಕೊಟ್ಟರು:
ಹನ್ನೊಂದು ಕಿಲೋ ತೋಟ.

ತಿರುವುತ್ತೇನೆ. ಕ್ಲಿಕ್.
ಗಂಜಾಮಿನ ಅಂಜೂರ, ಗೂಟಿ ಗಿಡ, ಆರಾಣೆ.
ಕ್ಲಿಕ್. ವೀಳ್ಯದ ಬಳ್ಳಿ, ನೂರಕ್ಕೆ ಇಂತಿಷ್ಟು.
ಎಷ್ಟು ಅನ್ನುವುದನ್ನು ಹುಳ ತಿಂದಿದೆ;
ಅಂಕಿಯೇ ರುಚಿ ಅದಕ್ಕೆ, ಬಳ್ಳಿ ಮುಟ್ಟಿಲ್ಲ.
ಕ್ಲಿಕ್. ಕಸಿ ಮಾವು: ರಸಪುರಿ, ಬಾದಾಮಿ, ಮಲಗೋವ,
ಮತ್ತೆ ನಾನೆಲ್ಲೂ ಕೇಳದ "ಅಮಲ್ದಾರ್ ಮೂಗು".
ನಾರಿಲ್ಲ, ಹುಳಿ ಕಡಮೆ, ಒಂದು ವರ್ಷ ಬಿಟ್ಟು ಫಲ.
ಯಾವ ಅಮಲ್ದಾರರೋ ಪಾಪ,
ಪಟ್ಟಿಯಲ್ಲಿ ಮೂಗೊಂದು ಉಳಿಸಿ ಹೋಗಿದ್ದಾರೆ.

ತೆಗೆದ ಚಿತ್ರವನ್ನು ಯಂತ್ರ ಓದಿ ಅಕ್ಷರ ಮಾಡುತ್ತದೆ.
ದೀರ್ಘ ಕಂಡರೆ ಎಡವುತ್ತದೆ, ಒತ್ತು ಕಂಡರೆ ಬೀಳುತ್ತದೆ.
ಕಸಿ ಗಿಡ ಅದಕ್ಕೆ ಕಹಿ ಗಿಡ.
ಪಾತಿ ಅದಕ್ಕೆ ಪತಿ.
"ಪತಿಗೆ ಹಸಿ ಗೊಬ್ಬರ ಹಾಕಿ
ಎಂಟು ದಿನ ನೀರು ಕಟ್ಟತಕ್ಕದ್ದು."
ತಿದ್ದುವ ಕೆಲಸದ ಕೆಂಪಾಜಮ್ಮ ಕನ್ನಡಕ ತೆಗೆದು
ಕಣ್ಣೊರೆಸಿಕೊಂಡು ನಕ್ಕರು:
"ತಿದ್ದಬೇಡ, ಒಂದು ದಿನ ಹಾಗೇ ಇರಲಿ,
ಯಾರಾದರೂ ಪ್ರಯೋಗ ಮಾಡಲಿ."

ಷರತ್ತುಗಳು, ಪುಟ ನಲವತ್ತಾರು:
ರೈಲು ಹತ್ತಿದ ಗಿಡಕ್ಕೆ ನಾವು ಜವಾಬ್ದಾರರಲ್ಲ.
ಕ್ಲಿಕ್.

ಪುಟ ನಲವತ್ತೇಳು, ಆರ್ಡರ್ ಫಾರಂ.
"ಚುಕ್ಕಿಗೆರೆಯ ಗುಂಟ ಕತ್ತರಿಸಿ ಕಳಿಸುವುದು."
ನೇರಳೆ ಪೆನ್ಸಿಲಿನಲ್ಲಿ ತುಂಬಿದೆ, ಅಕ್ಷರ ದುಂಡಗೆ:
ಹೆಸರು ದೇವೀರಮ್ಮಣ್ಣಿ. ಮುಕ್ಕಾಂ ಯೆಡತೊರೆ.
ರಾಮಫಲ ಒಂದು.
ಸುಗಂಧರಾಜ ಗೆಡ್ಡೆ ಒಂದು ಡಜನ್.
ಕಣಗಿಲೆ, ಬರೆದು ಹೊಡೆದುಹಾಕಿದ್ದು.
ಕೆಂಪು ಗುಲಾಬಿ, ನಂಬರು ಹದಿನಾಲ್ಕು, ಎರಡು.
ಹಣ ಮನಿಯಾರ್ಡರ್ ಮೂಲಕ.
ಕತ್ತರಿ ಗೆರೆಯ ಮೇಲೆ ಒಂದಂಗುಲ ನಡೆದಿದೆ.
ಅಲ್ಲಿಗೆ ನಿಂತಿದೆ.

ದುಡ್ಡು ಒದಗಲಿಲ್ಲವೇನೋ.
ಯಾರೋ ಒಳಗಿಂದ ಕೂಗಿದರೇನೋ,
ಹಾಲು ಉಕ್ಕಿತೇನೋ, ಇಲ್ಲ
ಹಿತ್ತಲಲ್ಲಿ ಹುರುಳಿ ಒಣಗಬೇಕು, ಜಾಗ ಎಲ್ಲಿ ಅಂದರೇನೋ.
ಯೋಚಿಸುತ್ತಲೇ ಹಾಳೆ ತಿರುವಿದೆ.

ಇಡೀ ಪಟ್ಟಿಗೆ ಬಣ್ಣದ ಚಿತ್ರ ಇದೊಂದೇ.
ನಂಬರು ಹದಿನಾಲ್ಕು.
ಅರಳಿದ್ದೊಂದು, ಮೊಗ್ಗೊಂದು,
ಎಲೆಯ ಮೇಲೆ ಅಚ್ಚು ಹಾಕಿದ ಇಬ್ಬನಿ.
ಕತ್ತರಿ ಬಂದು ನಿಂತದ್ದು
ತೊಟ್ಟಿನಿಂದ ಕೂದಲೆಳೆಯಷ್ಟು ಈಚೆ.

ಗಿಡ ತರಿಸಬೇಕಾದರೆ ಈ ಹೂ
ಈರನಗೆರೆಯ ಅಂಗಡಿಗೆ ವಾಪಸು ಹೋಗಬೇಕು,
ಯಾರದೋ ಮೊಳೆಗೆ ಚುಚ್ಚಿಸಿಕೊಂಡು
ರಸೀದಿಗಳ ನಡುವೆ ನೇತಾಡಬೇಕು.

ನಮ್ಮ ಕಂಪ್ಯೂಟರಿನ ಲೈಬ್ರರಿಯಲ್ಲಿ
ನಲವತ್ತೇಳು ಒಂದು ಚಿತ್ರ, ನಲವತ್ತೆಂಟು ಇನ್ನೊಂದು.
ಬನ್ನೂರು ಬಸ್ಸಿನಲ್ಲಿ ಪಕ್ಕ ಪಕ್ಕ ಕೂತವರ ಹಾಗೆ,
ಒಬ್ಬರಿಗೊಬ್ಬರು ಯಾರೂ ಅಲ್ಲ.
ಒಂದು ಇನ್ನೊಂದರ ಬೆನ್ನು ಎಂದು
ಹೇಳುವುದಕ್ಕೆ ಕಾಲಂ ಇಲ್ಲ.
ಇರುವುದು: ಪ್ರಕಾಶಕರು. ವರ್ಷ. ಭಾಷೆ. ಸ್ಥಿತಿ.

ಸ್ಥಿತಿಯ ಎದುರು
"೪೭ನೇ ಪುಟ ತುಸು ಹರಿದಿದೆ" ಎಂದು ಹಾಕಿದೆ.
ಅಳಿಸಿದೆ.
"ಕತ್ತರಿಸಿಲ್ಲ" ಎಂದು ಹಾಕಿದೆ.
ಕನ್ನಡ ಕಂಡರೆ ಯಾವಾಗಲೂ ಮಾಡುವ ಹಾಗೆ
ಯಂತ್ರ ಅದರಡಿಗೊಂದು ಕೆಂಪು ಗೆರೆ ಎಳೆಯಿತು,
ಚುಕ್ಕಿ ಚುಕ್ಕಿಯಾಗಿ.